ನಮ್ಮ ಕಡಪ್ಪುರದಲ್ಲಿ ಆಮೆ ಮೊಟ್ಟೆ ಕಾಯುವುದು ಹೇಗೆ? ಗೊತ್ತಿದ್ದವರು ಹೇಳಿ

ಕಡಪ್ಪುರದ ಮಗಳು (ಕುಂಬಳೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ. ಕಳೆದ ಜನವರಿಯಲ್ಲಿ ಒಂದು ಬೆಳಿಗ್ಗೆ ನೋಡಿದ್ದನ್ನು ಮೊದಲು ಹೇಳುತ್ತೇನೆ. ಪ್ರಶ್ನೆ ಆಮೇಲೆ.

ಇನ್ನೂ ಆರು ಗಂಟೆ ಆಗಿರಲಿಲ್ಲ. ಅಪ್ಪನಿಗೆ ಚಹಾ ಕೊಟ್ಟು ಕಡಪ್ಪುರಕ್ಕೆ, ಅಂದರೆ ಕಡಲ ಬದಿಗೆ, ಹೋಗಿದ್ದೆ. ನೀರಿನಿಂದ ಮೇಲಕ್ಕೆ ಒಂದು ಗುರುತು ಕಂಡಿತು. ಯಾರೋ ತುಂಬಿದ ಗೋಣಿ ಎಳೆದುಕೊಂಡು ಹೋದ ಹಾಗೆ. ಎರಡೂ ಬದಿಯಲ್ಲಿ ಹೊಯಿಗೆ (ಮರಳು) ಹಿಂದಕ್ಕೆ ಚಿಮ್ಮಿತ್ತು. ಗುರುತು ಮೇಲೆ ಬಂದು, ಒಂದು ಸುತ್ತು ತಿರುಗಿ, ಮತ್ತೆ ಕಡಲಿಗೇ ಇಳಿದಿತ್ತು. ತಿರುಗಿದ ಜಾಗದಲ್ಲಿ ಮೂರು ನಾಯಿಗಳು ಹೊಯಿಗೆ ಕೆದಕುತ್ತಿದ್ದವು. ಸುತ್ತಲೂ ಬಿಳಿ ಸಿಪ್ಪೆ. ಕೋಳಿ ಮೊಟ್ಟೆಯದ್ದರ ಹಾಗೆ ಚೂರು ಚೂರಾಗಿರಲಿಲ್ಲ, ಒದ್ದೆ ಕಾಗದದ ಹಾಗೆ ಮುದುಡಿ ಬಿದ್ದಿತ್ತು. ನಾಯಿಗಳನ್ನು ಓಡಿಸಿ ಗುಂಡಿಗೆ ಕೈ ಹಾಕಿದೆ. ಮೊಣಕೈವರೆಗೂ ಹೋಯಿತು. ತಳದಲ್ಲಿ ಇನ್ನೂ 11 ಮೊಟ್ಟೆ ಉಳಿದಿತ್ತು, ಉಗುರುಬೆಚ್ಚಗೆ.

ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಬಕೆಟಿನಲ್ಲಿ ಹೊಯಿಗೆ ತುಂಬಿಸಿ ಮೊಟ್ಟೆ ಇಟ್ಟು ಮನೆಗೆ ತಂದೆ. ಒಂದು ಕಚೇರಿಗೆ ಫೋನ್ ಮಾಡಿದೆ, ಇನ್ನೊಂದು ನಂಬರು ಕೊಟ್ಟರು. ಆ ನಂಬರಿನಲ್ಲಿ ಸಂಜೆವರೆಗೂ ಯಾರೂ ಫೋನ್ ಎತ್ತಲಿಲ್ಲ. ಮನೆಯ ಹಿಂದೆ ತೆಂಗಿನ ಬುಡದಲ್ಲಿ ಹೂತು ಎರಡು ತಿಂಗಳು ಕಾದೆ. ಒಂದೂ ಮರಿಯಾಗಲಿಲ್ಲ. ಅದು ನನ್ನ ತಪ್ಪಿನಿಂದಲೇ ಅಂತ ಆಮೇಲೆ ಗೊತ್ತಾಯಿತು.

ಅಜ್ಜನನ್ನು ಕೇಳಿದರೆ, "ನಾವು ಸಣ್ಣವರಿದ್ದಾಗ ಬುಟ್ಟಿ ತುಂಬ ಮೊಟ್ಟೆ ಸಿಗುತ್ತಿತ್ತು, ಮನೆಯವರೆಲ್ಲ ತಿನ್ನುತ್ತಿದ್ದೆವು" ಅಂದರು. ಈಗ ಒಂದು ಇಡೀ ಸೀಸನ್‌ನಲ್ಲಿ ನಮ್ಮ ಕಡೆ ಒಂದೋ ಎರಡೋ ಗೂಡು ಕಂಡರೆ ಹೆಚ್ಚು.

ಈ ನವೆಂಬರಿನಿಂದ ನಮ್ಮ ಹುಡುಗ ಹುಡುಗಿಯರ ಒಂದು ಗುಂಪು ಮಾಡಿ ರಾತ್ರಿ ಕಾಯೋಣ ಅಂತ ಇದ್ದೇನೆ. ಎಲ್ಲಿಂದ ಶುರು ಮಾಡಬೇಕು? ಪಕ್ಕದ ಬೀಚಿನಲ್ಲಿ ಆಮೆಯ ಬಗ್ಗೆ ಒಂದು ಬೋರ್ಡ್ ಇದೆ. ಅದರಲ್ಲಿ ಮಲಯಾಳ, ಇಂಗ್ಲಿಷ್ ಮಾತ್ರ. ನಮ್ಮ ಹಿರಿಯರು ಓದಲು ಕಲಿತದ್ದು ಕನ್ನಡ, ಮನೆಯಲ್ಲಿ ಮಾತು ತುಳು. ಆ ಬೋರ್ಡ್ ಅವರ ಪಾಲಿಗೆ ಇದ್ದೂ ಇಲ್ಲ.

ನೀಲೇಶ್ವರದ ಟೀಚರ್

ಮಗಳೇ, ಮೊದಲು ಆ 11 ಮೊಟ್ಟೆಯ ಭಾರ ಮನಸ್ಸಿನಿಂದ ಇಳಿಸು. ಯಾರೂ ಹೇಳಿಕೊಡದಿದ್ದರೆ ಗೊತ್ತಾಗುವುದಾದರೂ ಹೇಗೆ? ಮೊಟ್ಟೆ ಇಟ್ಟು ಕೆಲವು ಗಂಟೆ ಕಳೆದರೆ ಒಳಗಿನ ಜೀವ ಸಿಪ್ಪೆಯ ಮೇಲ್ಬದಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಉರುಳಿದರೆ, ಅಡಿಮೇಲಾದರೆ ಅದು ಸಾಯುತ್ತದೆ. ಬಕೆಟಿನಲ್ಲಿ ಕುಲುಕಿಕೊಂಡು ತಂದಾಗ ಅದೇ ಆಗಿರಬೇಕು.

ನಾನು ಬದಿಯಡ್ಕದವಳು. ಕೆಲಸ ನೀಲೇಶ್ವರದಲ್ಲಿ, ಹದಿನೈದು ವರ್ಷ ಆಯಿತು. ಇಲ್ಲಿಗೆ ಹತ್ತಿರ ತೈಕಡಪ್ಪುರಂನಲ್ಲಿ ನೆಯ್ದಲ್ ಎಂಬ ಸಂಘಟನೆಯವರು ಎರಡು ದಶಕದಿಂದ ಕಡಲಾಮೆಯ ಮೊಟ್ಟೆ ಕಾಯುತ್ತಿದ್ದಾರೆ. ಕಡಲ ಬದಿಯವರೇ. ನಮ್ಮ ಕರಾವಳಿಗೆ ಹೆಚ್ಚಾಗಿ ಬರುವುದು ಆಲಿವ್ ರಿಡ್ಲಿ ಎಂಬ ಜಾತಿ. ನವೆಂಬರಿನಿಂದ ಮಾರ್ಚ್‌ವರೆಗೆ ರಾತ್ರಿ ಹೊತ್ತು ದಡಕ್ಕೆ ಬಂದು, ಒಂದೂವರೆ ಅಡಿ ಆಳದ ಹೂಜಿಯಂಥ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆ ಇಡುತ್ತದೆ. 45ರಿಂದ 60 ದಿನಕ್ಕೆ ಮರಿ ಹೊರಗೆ ಬರುತ್ತದೆ.

ಒಂದು ಸಲ ಮಕ್ಕಳನ್ನು ಕರೆದುಕೊಂಡು ಮರಿ ಬಿಡುವುದನ್ನು ನೋಡಲು ಹೋಗಿದ್ದೆ. ಒಬ್ಬ ಹುಡುಗ ಮರಿಯನ್ನು ಎತ್ತಿ ನೀರಿಗೆ ಬಿಡಲು ಹೋದ. ಅಲ್ಲಿದ್ದ ಒಬ್ಬರು ಅವನ ಕೈ ಹಿಡಿದು, "ಬೇಡ ಮೋನೆ, ಅದು ನಡೆದೇ ಹೋಗಬೇಕು" ಅಂದರು. ಮರಿ ಹೊಯಿಗೆಯಲ್ಲಿ ನಡೆಯುವಾಗಲೇ ಆ ದಡದ ಗುರುತು ಅದರಲ್ಲಿ ಕೂತುಕೊಳ್ಳುತ್ತದಂತೆ. ಅಂಗೈಗಿಂತ ಸಣ್ಣ ಜೀವ. ಹೆಜ್ಜೆ ಗುಂಡಿಯೊಳಗೆ ಬಿದ್ದು, ಹತ್ತಿ, ಮತ್ತೆ ಬಿದ್ದು ಅಲೆಯ ತನಕ ಹೋಯಿತು. ನನ್ನ ಮಕ್ಕಳು ಉಸಿರು ಬಿಡದೆ ನೋಡಿದರು.

ನೀವು ಮಾಡಬೇಕಾದ್ದು ಇಷ್ಟು. ಮೊದಲು ಅರಣ್ಯ ಇಲಾಖೆಗೆ ಬರವಣಿಗೆಯಲ್ಲಿ ತಿಳಿಸಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಇದು ಇದೆ. ಒಳ್ಳೆ ಮನಸ್ಸಿನಿಂದಲೇ ಆದರೂ ಅನುಮತಿ ಇಲ್ಲದೆ ಮೊಟ್ಟೆ ಎತ್ತುವಂತಿಲ್ಲ. ಆಗುವಷ್ಟು ಮಟ್ಟಿಗೆ ಗೂಡನ್ನು ಇದ್ದಲ್ಲೇ ಬಿಡಿ. ಸುತ್ತ ಬಲೆ ಕಟ್ಟಿ ನಾಯಿ ಬಾರದ ಹಾಗೆ ಮಾಡಿ. ಅಲೆ ಬಡಿಯುವ ಜಾಗವಾದರೆ ಮಾತ್ರ, ಅನುಮತಿ ಇದ್ದವರ ಕೈಯಿಂದಲೇ, ಬೇಗನೆ ಬೇರೆ ಕಡೆ ಹೂಳಿಸಬೇಕು. ಅದೂ ಪೂರ್ತಿ ಬಿಸಿಲಿನಲ್ಲಿ ಬೇಡ. ಹೊಯಿಗೆ ಜಾಸ್ತಿ ಬಿಸಿಯಾದರೆ ಹುಟ್ಟುವುದೆಲ್ಲ ಹೆಣ್ಣೇ, ತಂಪಿದ್ದರೆ ಗಂಡು. ನಾವು ಆಯ್ದ ಜಾಗದಿಂದ ಇದೆಲ್ಲ ಬದಲಾಗುತ್ತದೆ.

ದೋಣಿಯವ, ಉಪ್ಪಳ

ಟೀಚರ್ ಹೇಳಿದ್ದು ಸರಿ. ಆದರೆ ನನ್ನದೂ ಸ್ವಲ್ಪ ಕೇಳಿ, ಯಾಕೆಂದರೆ ಇದರಲ್ಲಿ ಬಲೆಯವರ ಮಾತು ಕೇಳುವವರು ಕಡಿಮೆ.

ನಾವು ಅದಕ್ಕೆ ಏಮೆ ಅನ್ನುವುದು. ಬಲೆಗೆ ಏಮೆ ಬಿದ್ದರೆ ನನ್ನ ದೊಡ್ಡಪ್ಪ ಕೈ ಮುಗಿದು, ತಲೆಗೆ ನೀರು ಹಾಕಿ, ಕಡಲಿಗೆ ಬಿಡುತ್ತಿದ್ದರು. ದೇವರ ಅವತಾರ ಅನ್ನುವ ಭಕ್ತಿ. ಬಲೆ ಹರಿದರೂ ಬೈಯುತ್ತಿರಲಿಲ್ಲ. ಈಗ ಒಂದು ಬಲೆ ಹರಿದರೆ ಎಷ್ಟು ಸಾವಿರ ಹೋಗುತ್ತದೆ ಅಂತ ನಮಗೆ ಗೊತ್ತು. ಆದರೂ ಕತ್ತರಿಸಿ ಬಿಡುವವರು ಇದ್ದಾರೆ. ಮಹಾರಾಷ್ಟ್ರದಲ್ಲಿ 2018ರಿಂದ ಹೀಗೆ ಬಲೆ ಕತ್ತರಿಸಿ ರಕ್ಷಿತ ಪ್ರಾಣಿಯನ್ನು ಬಿಟ್ಟವರಿಗೆ 25,000 ರೂಪಾಯಿವರೆಗೆ ಪರಿಹಾರ ಕೊಡುತ್ತಾರೆ. ನಮ್ಮ ಕಡೆಯೂ ಹಾಗೆ ಕೈಗೆ ಸಿಗುವಂಥದ್ದು ಬೇಕು. ಟ್ರಾಲ್ ಬಲೆಗೆ ಆಮೆ ಹೊರಹೋಗುವ ಕಬ್ಬಿಣದ ಕಂಬಿ ಚೌಕಟ್ಟನ್ನು ಕೊಚ್ಚಿಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಮಾಡಿದ್ದಾರೆ. ಆ ಚೌಕಟ್ಟು ಇಲ್ಲ ಅಂತಲೇ ಅಮೆರಿಕದವರು ನಮ್ಮ ಕಡಲ ಸಿಗಡಿ ಬೇಡ ಅಂದದ್ದು. ಅಂದರೆ ಇದು ನಮ್ಮ ಅನ್ನದ ವಿಷಯವೂ ಹೌದು.

ಒಂದು ಉಪಯೋಗದ ಮಾತು. ಆಮೆ ಮೀನಲ್ಲ, ಗಾಳಿ ಬೇಕು. ಬಲೆಯಲ್ಲಿ ಹೆಚ್ಚು ಹೊತ್ತು ಸಿಕ್ಕಿಕೊಂಡರೆ ನೀರು ಕುಡಿದು ಸತ್ತ ಹಾಗೆ ಬಿದ್ದಿರುತ್ತದೆ. ಸತ್ತಿತು ಅಂತ ಕೂಡಲೇ ನೀರಿಗೆ ಎಸೆಯಬೇಡಿ, ಎಸೆದರೆ ನಿಜವಾಗಿಯೂ ಸಾಯುತ್ತದೆ. ಹೊಟ್ಟೆ ಕೆಳಗೆ ಮಾಡಿ ಮಲಗಿಸಿ. ಹಿಂಬದಿಗೆ ಒಂದು ಗೇಣು ಎತ್ತರಕ್ಕೆ ಹಗ್ಗದ ಸುರುಳಿ ಕೊಡಿ. ಮೈಮೇಲೆ ಒದ್ದೆ ಗೋಣಿ ಹಾಕಿ ನೆರಳಿನಲ್ಲಿ ಇಡಿ, ಮೂಗು ಮುಚ್ಚಬಾರದು. ನಾನು ಒಂದನ್ನು ಹೀಗೆ ಬೆಳಿಗ್ಗೆ ಇಟ್ಟಿದ್ದೆ. ಮಧ್ಯಾಹ್ನ ದಡ ಸೇರುವ ಹೊತ್ತಿಗೆ ಕಣ್ಣು ತೆರೆಯಿತು, ಒಂದು ಕೈ ಆಡಿಸಿತು. ಮೂರು ಜನ ಸೇರಿ ಎತ್ತಿ ಬಿಟ್ಟೆವು. ಆ ದಿನ ಬಂಗುಡೆ ಇರಲಿಲ್ಲ, ಆದರೂ ಮನೆಗೆ ಸಂತೋಷದಲ್ಲಿ ಹೋದೆ.

ತಂಗೀ, ನೀನು ಮೊದಲು ಹೋಗಬೇಕಾದ್ದು ಗುರಿಕಾರರ, ಅಂದರೆ ನಮ್ಮ ಮೀನುಗಾರರ ಮುಖ್ಯಸ್ಥರ, ಮನೆಗೆ. ಕ್ಯಾಮೆರಾ, ಬ್ಯಾನರ್ ಎಲ್ಲ ಆಮೇಲೆ. ಬೇಕಲ, ಕೀಯೂರು, ಕಾಸರಗೋಡು ಕಸಬ ಕಡೆಯ ಮೀನುಗಾರರಲ್ಲಿ ಕಡಕ್ಕೋಡಿ ಅಂತ ಇದೆಯಲ್ಲ, ಕುರುಂಬಾ ಭಗವತಿಯ ಸನ್ನಿಧಿಯಲ್ಲಿ ಸ್ಥಾನಿಕರು ಕೂತು ಕಡಲಿನ ತಕರಾರು ತೀರ್ಮಾನ ಮಾಡುವುದು? ಯಾವ ಬಲೆ, ಯಾವ ಹೊತ್ತು ಅನ್ನುವುದನ್ನೂ ಅಲ್ಲಿ ಹೇಳಿದರೆ ಮುಗಿಯಿತು, ಮೀರುವವರು ಇಲ್ಲ. ಪೊಲೀಸು ಬಂದರೆ ಒಂದು ದಿನದ ಹೆದರಿಕೆ. ನಮ್ಮ ಹಿರಿಯರು ಹೇಳಿದರೆ ಅದು ವರ್ಷವಿಡೀ ನಿಲ್ಲುತ್ತದೆ.

ಕಡಪ್ಪುರದ ಮಗಳು (ಕುಂಬಳೆ)

ಅಣ್ಣ, ಇದು ನನಗೆ ಹೊಳೆದೇ ಇರಲಿಲ್ಲ. ಮೊದಲು ಪಂಚಾಯತಿಗೆ ಹೋಗಬೇಕು ಅಂತ ಇದ್ದೆ. ನಾಳೆಯೇ ಗುರಿಕಾರರನ್ನು ಕಾಣುತ್ತೇನೆ.

ಕಡಲ ಬದಿಯ ಮನೆ

ಎಲ್ಲ ಓದಿದೆ. ಒಂದು ಮಾತು ಹೇಳದೆ ಇರಲು ಆಗುವುದಿಲ್ಲ. ನನ್ನ ಮನೆಯ ಎದುರು 14 ತೆಂಗಿನ ಮರ ಇತ್ತು. ಈಗ 3. ಕಳೆದ ಮಳೆಗಾಲದಲ್ಲಿ ಬಾವಿಯ ಕಟ್ಟೆ ಹೋಯಿತು. ರಾತ್ರಿ ಅಲೆ ಗೋಡೆಗೆ ಬಡಿಯುವಾಗ ಮಕ್ಕಳನ್ನು ಎತ್ತಿಕೊಂಡು ರಸ್ತೆ ಬದಿಯ ಸಂಬಂಧಿಕರ ಮನೆಗೆ ಹೋಗಿ ಮಲಗಿದ್ದೇವೆ. ನಾವು ಕಲ್ಲಿನ ತಡೆಗೋಡೆ ಕೇಳುತ್ತಿದ್ದೇವೆ. ನಾಳೆ ಇಲ್ಲಿ ಆಮೆ ಮೊಟ್ಟೆ ಇಡುತ್ತದೆ, ಕಲ್ಲು ಹಾಕಬಾರದು ಅಂತ ಯಾರಾದರೂ ಅರ್ಜಿ ಕೊಟ್ಟರೆ? ಆಮೆ ಮೇಲೆ ನನಗೆ ದ್ವೇಷ ಇಲ್ಲ. ನನ್ನ ಉಮ್ಮನೂ ಆಮೆ ಬಂದರೆ ನಮ್ಮನ್ನು ಕರೆದು ತೋರಿಸುತ್ತಿದ್ದರು. ಆದರೆ ನಮ್ಮ ಮನೆ?

ದೋಣಿಯವ, ಉಪ್ಪಳ

ಕಾಕ, ನಿಮ್ಮ ಮಾತು ನೂರಕ್ಕೆ ನೂರು ಸರಿ. ಮನೆ ಹೋಗುವವನ ಎದುರು ಆಮೆಯ ಕಥೆ ಹೇಳುವುದು ನ್ಯಾಯವಲ್ಲ. ಮನೆ ಇರುವಲ್ಲಿ ಗೋಡೆ ಬೇಕು, ಅದಕ್ಕೆ ನಾವೂ ಸಹಿ ಹಾಕುತ್ತೇವೆ.

ಆದರೆ ಒಂದು ಕಡೆ ಕಲ್ಲು ಹಾಕಿದರೆ ಕಡಲು ಗೋಡೆಯ ತುದಿಯಿಂದ ಆಚೆಯ ದಡವನ್ನು ಕೊರೆಯುತ್ತದೆ. ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ದೋಣಿ ಎಳೆಯಲು ಜಾಗ ಇಲ್ಲ, ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯುವ ಬಲೆ) ಬಿಡಲು ಹೊಯಿಗೆ ಇಲ್ಲ. ಅಗಲ ದಡ ಆಮೆಗೆ ಎಷ್ಟು ಬೇಕೋ ನಮಗೂ ಅಷ್ಟೇ ಬೇಕು. ಹೊಯಿಗೆ ಕದ್ದು ಸಾಗಿಸುವುದನ್ನು ನಿಲ್ಲಿಸುವುದು, ಅಳಿವೆಯ ಹತ್ತಿರ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿಯದೆ ಇರುವುದು, ಇದು ನಿಮ್ಮ ಮನೆಗೂ ಒಳ್ಳೆಯದು. ಗುಂಪು ಮಾಡುವಾಗ ನೀವು ಬರಲೇಬೇಕು. ನೀವಿಲ್ಲದೆ ಇದು ಆಗುವುದಿಲ್ಲ.

ಮುಂಬಯಿ ಮೊಗವೀರ

ಊರು ಮಂಜೇಶ್ವರ, ಇರುವುದು ಮುಂಬಯಿಯಲ್ಲಿ. ನಾಲ್ಕು ವರ್ಷದ ಹಿಂದೆ ಮನೆಯವರೆಲ್ಲ ರತ್ನಾಗಿರಿ ಜಿಲ್ಲೆಯ ವೇಳಾಸ್‌ಗೆ ಹೋಗಿದ್ದೆವು. ಸಣ್ಣ ಹಳ್ಳಿ, ನಮ್ಮೂರಿನ ಹಾಗೇ ತೆಂಗು, ಅಡಿಕೆ, ಹಂಚಿನ ಮನೆ. 2002ರಿಂದ ಚಿಪಳೂಣದ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆಯವರು ಊರವರ ಜೊತೆ ಅಲ್ಲಿ ಮೊಟ್ಟೆ ಕಾಯಲು ಶುರು ಮಾಡಿದರು. 2006ರಿಂದ ಮರಿ ಬಿಡುವ ಹೊತ್ತಿಗೆ ಆಮೆ ಹಬ್ಬ ಮಾಡುತ್ತಾರೆ. ಹೋದವರಿಗೆ ಊರವರ ಮನೆಯಲ್ಲೇ ಊಟ, ಅಲ್ಲೇ ಚಾಪೆ. ನಾವು ಉಳಿದ ಮನೆಯ ಅಕ್ಕ ಹೇಳಿದರು: "ಮೊದಲು ಈ ಮೊಟ್ಟೆ ಕದಿಯುತ್ತಿದ್ದವರು ನಮ್ಮವರೇ. ಈಗ ಕಾಯುವವರೂ ನಮ್ಮವರೇ." ಅವರ ಮನೆಗೆ ಆ ಎರಡು ತಿಂಗಳಲ್ಲಿ ಬರುವ ಹಣ ಮಗಳ ಕಾಲೇಜಿಗೆ ಆಗುತ್ತದಂತೆ.

ಒಂದು ಎಚ್ಚರಿಕೆ. ಜನ ಬಂದರೆ ಬೆಳಕೂ ಬರುತ್ತದೆ. ಅಲ್ಲಿ ಫ್ಲ್ಯಾಶ್ ಹಾಕಿದವನನ್ನು ಊರ ಹುಡುಗರು ಮುಲಾಜಿಲ್ಲದೆ ಹೊರಗೆ ಕಳಿಸಿದರು. ಮರಿ ಬೆಳಕು ಕಂಡ ಕಡೆಗೇ ಹೋಗುತ್ತದೆ. ಕತ್ತಲಿನಲ್ಲಿ ತೆರೆದ ಕಡಲೇ ಹೆಚ್ಚು ಬೆಳ್ಳಗೆ ಕಾಣುವುದು, ಅದನ್ನು ನಂಬಿಯೇ ಅದು ಹುಟ್ಟಿದ್ದು. ಊರಿಗೆ ಬಂದಾಗ ನೋಡಿದರೆ ನಮ್ಮಲ್ಲಿ ಎಲ್ಲ ಕಡಪ್ಪುರದಲ್ಲೂ ಹೈಮಾಸ್ಟ್ ದೀಪ. ಆ ಬೆಳಕಿಗೆ ಮರಿ ರಸ್ತೆ ಕಡೆ ಹೊರಟರೆ ಬೆಳಿಗ್ಗೆ ಕಾಗೆಗಳ ಬಾಯಿಗೆ. ದೀಪ ತೆಗೆಸಿ ಅನ್ನುವುದಿಲ್ಲ, ಹೆಂಗಸರು ಮಕ್ಕಳು ನಡೆಯುವ ದಾರಿ. ಕಡಲ ಕಡೆಗೆ ಬೀಳುವ ಬಲ್ಬಿಗೆ ಮರೆ ಕಟ್ಟಿಸಿದರೆ ಸಾಕು.

ನಿವೃತ್ತ ಮಾಷ್ಟ್ರು, ಬೇಕಲ

ಮಕ್ಕಳೇ, ಚರ್ಚೆ ಆಮೆಯದ್ದು. ಆದರೂ ಇದನ್ನು ಇಲ್ಲಿ ಹೇಳಬೇಕು ಅನ್ನಿಸಿತು.

ಆಮೆ ಗುರುತು ನೋಡಿಕೊಂಡು ಬೆಳಿಗ್ಗೆ ನೀವು ನಡೆಯುವ ಈ ದಡದಲ್ಲೇ ನಮ್ಮ ಕೋಟೆಗಳೂ ಇವೆ. ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಬೇಕಲ ಕೋಟೆ ಕಟ್ಟಿಸಿದ. 40 ಎಕರೆ, ಕೇರಳದಲ್ಲೇ ದೊಡ್ಡದು. ಚಂದ್ರಗಿರಿ ಹೊಳೆಯ ದಡದ ಕೋಟೆಯೂ ಅವನ ಕಾಲದ್ದೇ. ಆ ಹೊಳೆಯೇ ಹಿಂದೆ ತುಳುನಾಡಿಗೂ ಮಲಯಾಳ ನಾಡಿಗೂ ಗಡಿ. ಹೊಸದುರ್ಗದ್ದು ಸೋಮಶೇಖರ ನಾಯಕನದ್ದು. ಕುಂಬಳೆ ಹೊಳೆ ದಾಟಿದರೆ ಹೆದ್ದಾರಿ ಪಕ್ಕದಲ್ಲೇ ಆರಿಕ್ಕಾಡಿ ಕೋಟೆ. ಎಲ್ಲ ನಮ್ಮ ಮುರಕಲ್ಲಿನಲ್ಲಿ (ಕೆಂಪುಕಲ್ಲು) ಕಟ್ಟಿದ್ದು. ಬೇಕಲವನ್ನು ಕೇಂದ್ರದ ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ, ಟಿಕೆಟ್ ಇದೆ, ಹುಲ್ಲು ಕತ್ತರಿಸುತ್ತಾರೆ. ಸಣ್ಣ ಕೋಟೆಗಳಿಗೆ ಆ ಭಾಗ್ಯ ಇಲ್ಲ.

ಮುರಕಲ್ಲಿನ ಗುಣ ನಿಮಗೆ ಗೊತ್ತು. ನೆಲದಿಂದ ತೆಗೆಯುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಗಟ್ಟಿ. ಆದರೆ ಬಿರುಕಿನಲ್ಲಿ ಒಂದು ಆಲದ ಬೀಜ ಬಿದ್ದರೆ ಸಾಕು. ನಾನು ಕಲಿಸುತ್ತಿದ್ದಾಗ ಒಂದು ಕೋಟೆಯ ಬುರುಜಿನಲ್ಲಿ ಬೆರಳುದ್ದದ ಆಲದ ಸಸಿ ಕಂಡಿದ್ದೆ. ಹೇಳಬೇಕಾದವರಿಗೆ ಹೇಳಿದೆ, ಅರ್ಜಿಯನ್ನೂ ಕೊಟ್ಟೆ. ಏಳೆಂಟು ವರ್ಷ ಬಿಟ್ಟು ಹೋದಾಗ ಬೇರು ನನ್ನ ತೋಳಿನಷ್ಟು ದಪ್ಪ. ಕಲ್ಲು ಎರಡು ಸಾಲು ಹೊರಗೆ ತಳ್ಳಿಕೊಂಡು ಬಂದಿತ್ತು. ಮೂರನೆಯ ಸಲ ಹೋದಾಗ ಆ ಮೂಲೆ ಇರಲಿಲ್ಲ. ಮೊದಲ ವರ್ಷವೇ ಕಿತ್ತಿದ್ದರೆ ಒಂದು ಚಿಟಿಕೆಯ ಕೆಲಸ.

ಹಾಗಾಗಿ ನಿಮ್ಮ ಗುಂಪಿನವರು ನೋಟ್ ಪುಸ್ತಕದಲ್ಲಿ ಇನ್ನೊಂದು ಪುಟ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಕೋಟೆಯ ಒಂದು ಸುತ್ತು. ಎಲ್ಲಿ ಗಿಡ ಹುಟ್ಟಿತು, ಎಲ್ಲಿ ಕಲ್ಲು ಸಡಿಲವಾಯಿತು, ಫೋಟೋ, ತಾರೀಕು. ರಕ್ಷಿತ ಕಟ್ಟಡದ ಕಲ್ಲನ್ನು ನೀವೇ ಮುಟ್ಟಬೇಡಿ, ಬರೆದು ಕಳಿಸಿ. ತಿಂಗಳು ತಿಂಗಳು ತಾರೀಕು ಸಮೇತ ಬಂದ ಕಾಗದಕ್ಕೆ ಒಂದಲ್ಲ ಒಂದು ದಿನ ಉತ್ತರ ಕೊಡಲೇಬೇಕಾಗುತ್ತದೆ.

ಬೋರ್ಡಿನ ಮಾತು ನೀನು ಎತ್ತಿದ್ದು ಒಳ್ಳೆಯದಾಯಿತು ಮಗಳೇ. ಕೆಳದಿಯವರು ಕಟ್ಟಿಸಿದ ಕೋಟೆಯ ಮುಂದೆ ನಿಂತು ನಮ್ಮ ಮಕ್ಕಳು ಅದರ ಕಥೆಯನ್ನು ಕನ್ನಡದಲ್ಲೂ ಓದುವಂತಾಗಬೇಕು.

ಕಾಸರಕದ ನೆರಳು (ಮೊಗ್ರಾಲ್)

ಮಾಷ್ಟ್ರೇ, ನಿಮ್ಮ ಆಲದ ಬೇರಿನ ಮಾತಿಗೆ ನನ್ನದು ಎದುರು ಬದಿಯ ಮರದ ಕಥೆ.

2023ರಲ್ಲಿ ನಮ್ಮ ಜಿಲ್ಲಾ ಪಂಚಾಯತು ಜಿಲ್ಲೆಗೆ ಅಂತಲೇ ಒಂದು ಮರ, ಒಂದು ಹೂವು, ಒಂದು ಹಕ್ಕಿ, ಒಂದು ಜೀವಿಯನ್ನು ಘೋಷಿಸಿತು. ದೇಶದಲ್ಲೇ ಹೀಗೆ ಮಾಡಿದ ಮೊದಲ ಜಿಲ್ಲೆ ನಮ್ಮದು. ಮರ ಕಾಸರಕ, ಕಾಸರಗೋಡಿಗೆ ಹೆಸರು ಕೊಟ್ಟದ್ದು ಅನ್ನುತ್ತಾರಲ್ಲ, ಅದೇ. ಹಕ್ಕಿ ಬಿಳಿ ಹೊಟ್ಟೆಯ ಕಡಲ ಹದ್ದು.

ನಮ್ಮ ತರವಾಡಿನ (ಕುಟುಂಬದ ಮೂಲ ಮನೆಯ) ದೈವದ ಬನದಲ್ಲಿ ಎತ್ತರದ ಒಂದು ಮಾವಿನ ಮರ. ತುದಿಯಲ್ಲಿ ಈ ಹದ್ದಿನ ಗೂಡು. ಪ್ರತಿ ವರ್ಷ ಅದೇ ಗೂಡಿಗೆ ಹೊಸ ಕೋಲು ಸೇರಿಸುತ್ತವೆ, ಈಗ ಅದು ಎತ್ತಿನಗಾಡಿಯ ಚಕ್ರದಷ್ಟು ದೊಡ್ಡದು. ಕೆಳಗೆ ಯಾವಾಗಲೂ ಮೀನಿನ ಮುಳ್ಳು, ಒಂದೊಂದು ಸಲ ಕಡಲ ಹಾವಿನ ತುಂಡು. ದೈವದ ಅಂಗಳ ಹೊಲಸಾಗುತ್ತದೆ, ಮರ ಕಡಿಸೋಣ ಅಂತ ಮನೆಯಲ್ಲಿ ಮಾತಾಯಿತು. ಮರದ ವ್ಯಾಪಾರಿ ಬಂದು ನೋಡಿಯೂ ಹೋದ. ನನ್ನ ಅತ್ತೆ ಒಬ್ಬರೇ ಅಡ್ಡ ನಿಂತರು: "ಬನದ ಮರಕ್ಕೆ ಕತ್ತಿ ಹಾಕಬೇಕಾದರೆ ದೈವದ ನುಡಿಯಾಗಬೇಕು." ಕೋಲದ ದಿನ ಕೇಳಿದೆವು. ಕಡಿಯಬಾರದು ಅಂತಲೇ ಆಯಿತು. ಈಗ ಅಂಗಳ ಗುಡಿಸಲು ಸರದಿ ಮಾಡಿದ್ದೇವೆ. ನನ್ನದು ಮಂಗಳವಾರ.

ಪಯಸ್ವಿನಿ ದಡದವ

ನಾನು ಹೊಳೆಯವನು, ಕಡಲಿನವನಲ್ಲ. ಆದರೆ ಆ ಘೋಷಣೆಯ ನಾಲ್ಕನೆಯದು ನಮ್ಮ ಹೊಳೆಯದ್ದು. ಮಲಯಾಳದಲ್ಲಿ ಪಾಲಪ್ಪೂವನ್ ಅನ್ನುವ ದೊಡ್ಡ ಮೆದುಚಿಪ್ಪಿನ ಆಮೆ. ಜಗತ್ತಿನಲ್ಲೇ ತೀರ ಅಪರೂಪ, ಅಳಿವಿನ ಅಂಚಿನಲ್ಲಿದೆ. ಇಡೀ ದಿನ ಹೊಯಿಗೆಯಡಿ ಹೂತುಕೊಂಡು ಕಣ್ಣು ಮೂಗು ಮಾತ್ರ ಹೊರಗೆ ಇಟ್ಟು ಕೂತಿರುತ್ತದೆ. ಹೊರಗಿನವರಿಗೆ ಕಾಣಿಸುವುದಾದರೂ ಹೇಗೆ?

ಆಯುಷಿ ಜೈನ್ ಎಂಬ ಸಂಶೋಧಕಿ ಬಂದು ಮೊದಲು ಮಾಡಿದ್ದೇ ನಮ್ಮ ಹೊಳೆ ಬದಿಯವರ ಜೊತೆ ಕೂತು ಮಾತಾಡುವುದು. ಎಲ್ಲಿ ಕಂಡಿದ್ದೀರಿ, ಯಾವ ಕಾಲದಲ್ಲಿ, ಅಜ್ಜ ಏನು ಹೇಳುತ್ತಿದ್ದರು ಅಂತ. ಬಲೆಗೋ ಗಾಳಕ್ಕೋ ಆಮೆ ಸಿಕ್ಕಿದರೆ ಫೋನ್ ಮಾಡುವ ಒಂದು ಜಾಲ ಮಾಡಿದರು. ಆ ಫೋನುಗಳಿಂದಲೇ ಮೊಟ್ಟೆ ಇಡುವ ಹೆಣ್ಣು ಆಮೆ ದಾಖಲಾಯಿತು. ನೀರಿನಲ್ಲಿ ಮುಳುಗಿದ ಗೂಡಿನ ಮೊಟ್ಟೆಗಳನ್ನು ಉಳಿಸಿ ಮರಿ ಮಾಡಿ ಹೊಳೆಗೆ ಬಿಟ್ಟರು. ಅದರ ವರದಿ 2024ರಲ್ಲಿ ಹೊರಗಿನ ವಿಜ್ಞಾನ ಪತ್ರಿಕೆಯಲ್ಲಿ ಬಂತು.

ತಂಗೀ, ನೀನೂ ಮೊದಲು ನಿನ್ನ ಅಜ್ಜನನ್ನು ಕೂರಿಸಿಕೊಂಡು ಕೇಳು. ಬುಟ್ಟಿ ತುಂಬ ಮೊಟ್ಟೆ ಸಿಕ್ಕಿದ್ದು ಯಾವ ಜಾಗದಲ್ಲಿ, ಯಾವ ತಿಂಗಳು, ಅಮಾವಾಸ್ಯೆಯ ಕಡೆಗೋ ಹುಣ್ಣಿಮೆಯ ಕಡೆಗೋ. ತಿಂದವರಿಗೇ ಅದು ಸರಿಯಾಗಿ ಗೊತ್ತಿರುವುದು. ಬೇಗ ಬರೆದಿಟ್ಟುಕೋ.

ನೀಲೇಶ್ವರದ ಟೀಚರ್

ಹೌದು. ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ ಸತ್ತಾಗ, 2022ರ ಅಕ್ಟೋಬರಿನಲ್ಲಿ, ನಮ್ಮ ಶಾಲೆಯ ಮಕ್ಕಳು ಅತ್ತಿದ್ದರು. ಕೆರೆಯ ಒಂದು ಮೊಸಳೆಯನ್ನು ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಾರೂ ಒಂದು ಕಲ್ಲು ಎಸೆಯದೆ ಉಳಿಸಿಕೊಂಡ ಊರು ನಮ್ಮದು. ನೈವೇದ್ಯದ ಅಕ್ಕಿ ಬೆಲ್ಲ ಕೊಟ್ಟು ನೋಡಿಕೊಂಡರು. ಆಮೆಯನ್ನೂ ಹಾಗೇ ಮನೆಯದ್ದಾಗಿ ಮಾಡಿಕೊಂಡರೆ ಕಾವಲಿಗೆ ಜನ ಸಿಗುತ್ತಾರೆ.

ಕಡಪ್ಪುರದ ಮಗಳು (ಕುಂಬಳೆ)

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಗುರಿಕಾರರನ್ನು ಕಂಡೆ. ಅರ್ಧ ಗಂಟೆ ಏನೂ ಹೇಳದೆ ಕೇಳಿದರು. ಕೊನೆಗೆ, "ರಾತ್ರಿ ಹುಡುಗಿಯರು ಒಬ್ಬೊಬ್ಬರೇ ಹೋಗುವುದು ಬೇಡ, ಪ್ರತಿ ಗುಂಪಿನಲ್ಲಿ ಒಬ್ಬ ಹಿರಿಯ ಇರಲಿ, ಮೊದಲ ರಾತ್ರಿ ನಾನೇ ಬರುತ್ತೇನೆ" ಅಂದರು. ಮಸೀದಿ ಕಮಿಟಿಯವರ ಹತ್ತಿರ ಕಾಕ ಮಾತಾಡಿದ್ದಾರೆ, ಅವರ ಕಡೆಯಿಂದ ಆರು ಹುಡುಗರು ಬರುತ್ತಾರೆ. ಅರಣ್ಯ ಇಲಾಖೆಗೆ ಕೊಡುವ ಕಾಗದವನ್ನು ಟೀಚರ್ ಮಲಯಾಳದಲ್ಲಿ ಬರೆದುಕೊಟ್ಟರು. ತಡೆಗೋಡೆಯ ಅರ್ಜಿಗೆ ನಾವೂ ಎಲ್ಲರೂ ಸಹಿ ಹಾಕಿದೆವು. ಹೈಮಾಸ್ಟ್ ದೀಪಕ್ಕೆ ಮರೆ ಕಟ್ಟಿಸುವ ವಿಷಯ ಪಂಚಾಯತು ಸದಸ್ಯರಿಗೆ ಹೇಳಿದ್ದೇವೆ, ಇನ್ನೂ ಉತ್ತರ ಬಂದಿಲ್ಲ.

ಅಜ್ಜ ಮೂರು ಜಾಗ ತೋರಿಸಿದರು. ಒಂದರಲ್ಲಿ ಈಗ ಕಲ್ಲಿನ ಗೋಡೆ. ಇನ್ನೊಂದು ಪೂರ್ತಿ ಕಡಲೊಳಗೆ. ಮೂರನೆಯದು ಅಳಿವೆಯಿಂದ ಉತ್ತರಕ್ಕೆ, ಗಾಳಿಮರದ ಸಾಲಿನ ಮುಂದೆ. ನಾನು ಜನವರಿಯಲ್ಲಿ ಗೂಡು ಕಂಡದ್ದೂ ಅಲ್ಲೇ.

ಭಾನುವಾರ ಸಂಜೆ ಐದಕ್ಕೆ ಭಜನಾ ಮಂದಿರದಲ್ಲಿ ಸೇರುತ್ತೇವೆ. ಬರುವವರು ಟಾರ್ಚಿಗೆ ಸುತ್ತಲು ಕೆಂಪು ಕಾಗದ ತನ್ನಿ. ಹಳೆ ಬಲೆಯ ತುಂಡು ಇದ್ದರೆ ಅದನ್ನೂ ತನ್ನಿ, ಗೂಡಿನ ಸುತ್ತ ಕಟ್ಟಲು ಬೇಕು. ಬೋರ್ಡನ್ನು ಕನ್ನಡದಲ್ಲಿ ನಾವೇ ಬರೆಯುತ್ತೇವೆ. ತುಳುವಿನಲ್ಲಿ ಒಂದು ಸಾಲು ಅಜ್ಜ ಹೇಳಿಕೊಡುತ್ತಾರಂತೆ.

ದೋಣಿಯವ, ಉಪ್ಪಳ

ಬಲೆ ನನ್ನ ಹತ್ತಿರ ಬೇಕಾದಷ್ಟು ಇದೆ. ಶನಿವಾರ ರಾತ್ರಿಯೇ ತಂದು ಮಂದಿರದ ಜಗಲಿಯಲ್ಲಿ ಇಟ್ಟು ಹೋಗುತ್ತೇನೆ. ಭಾನುವಾರ ಬೆಳಿಗ್ಗೆ ಕಡಲಿಗೆ ಹೋಗಲಿಕ್ಕಿದೆ, ಐದರ ಒಳಗೆ ಬಂದು ಸೇರುತ್ತೇನೆ.